ಲೇಹ್‌ವರೆಗೆ ರೈಲು ಬೇಕೆ?

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣಕ್ಕೆ ವಿಷಯ ಯಾವುದೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ‘ರೈಲು’ ಎಂದೆ. ಲೆಕ್ಕಪತ್ರಗಳ ನಡುವೆ ಮೂವತ್ತೈದು ವರ್ಷ ಸವೆಸಿದವನು ರೈಲಿನ ಬಗ್ಗೆ ಏನು ಹೇಳಿಯಾನು ಎಂದು ಅವರಿಗೆ ಅನ್ನಿಸಿರಬೇಕು. ಮುಖದಲ್ಲಿ ತೋರಗೊಡಲಿಲ್ಲ. ಅದಕ್ಕಾಗಿ ಅವರಿಗೆ ನಾನು ಕೃತಜ್ಞ.

2025ರ ಜೂನ್ 6ರಂದು ಚಿನಾಬ್ ಸೇತುವೆಯ ಉದ್ಘಾಟನೆಯಾಗಿ ಕಾಶ್ಮೀರ ಕಣಿವೆ ದೇಶದ ರೈಲುಜಾಲಕ್ಕೆ ಕೂಡಿಕೊಂಡಿತು. ಅದಾದ ಮೇಲೆ ಇದೇ ಸಭಾಂಗಣದ ಹೊರಗೆ ಕಾಫಿ ಲೋಟ ಹಿಡಿದು ನಿಂತಿದ್ದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಲೇಹ್‌ಗೆ ಯಾವಾಗ? ಆ ಪ್ರಶ್ನೆಯನ್ನು ಮೊದಲು ಎತ್ತಿದವನು ಬಹುಶಃ ನಾನೇ. ಇಂದು ನಾನು ಕೊಡಲಿರುವ ಉತ್ತರ ಆ ಸಂಜೆಯ ಉತ್ಸಾಹಕ್ಕೆ ಒಪ್ಪುವಂಥದಲ್ಲ. ಇದು ನನಗೂ ಅಷ್ಟೇನೂ ಹಿತವಾದ ಸಂಗತಿಯಲ್ಲ.

ಪ್ರಸ್ತಾಪ ಏನೆಂಬುದನ್ನು ಮೊದಲು ನೋಡೋಣ. ಪಂಜಾಬಿನ ಭಾನುಪಲ್ಲಿಯಿಂದ ಹಿಮಾಚಲದ ಬಿಲಾಸಪುರ, ಬೇರಿಯವರೆಗೆ 63 ಕಿಲೋಮೀಟರಿನ ಮಾರ್ಗದ ಕೆಲಸ ಆಗಲೇ ನಡೆದಿದೆ. ಅಲ್ಲಿಂದ ಮುಂದೆ ಮಂಡಿ, ಮನಾಲಿ, ಕೇಲಾಂಗ್ ಮೂಲಕ ಲೇಹ್ ಸೇರುವ 489 ಕಿಲೋಮೀಟರ್ ಮಾರ್ಗದ ಸಮೀಕ್ಷೆ ಮುಗಿದಿದೆ. ಅದರಲ್ಲಿ ಸುಮಾರು 270 ಕಿಲೋಮೀಟರ್ ಸುರಂಗದೊಳಗೇ ಸಾಗಬೇಕು. ಸಂಸತ್ತಿಗೆ ರೈಲ್ವೆ ಸಚಿವರು ತಿಳಿಸಿದ ಅಂದಾಜು ವೆಚ್ಚ 1 ಲಕ್ಷ 31 ಸಾವಿರ ಕೋಟಿ ರೂಪಾಯಿ. ರಕ್ಷಣಾ ಇಲಾಖೆ ಇದನ್ನು ಆಯಕಟ್ಟಿನ ಮಾರ್ಗವೆಂದು ಗುರುತಿಸಿದೆ.

ಹಳೆಯ ಚಾಳಿ ಬಿಡದು, ನಾನು ಭಾಗಾಕಾರ ಮಾಡಿ ನೋಡಿದೆ. ಕಿಲೋಮೀಟರಿಗೆ ಸುಮಾರು 268 ಕೋಟಿ. 2011ರ ಜನಗಣತಿಯ ಪ್ರಕಾರ ಲಡಾಖಿನ ಜನಸಂಖ್ಯೆ 2,74,289. ತಲೆಗೆ ಸುಮಾರು 48 ಲಕ್ಷ ರೂಪಾಯಿ ಬೀಳುತ್ತದೆ. ಇಂಥ ಭಾಗಾಕಾರದಿಂದ ಒಂದು ಗಡಿನಾಡಿನ ಹಣೆಬರಹ ನಿರ್ಧರಿಸಬಾರದೆಂದು ನನಗೂ ಗೊತ್ತು. ಭಾಗಾಕಾರವನ್ನೇ ನಂಬಿದ್ದರೆ ಕೊಂಕಣ ರೈಲ್ವೆ ಆಗುತ್ತಿರಲಿಲ್ಲ, ಕಾರವಾರದವರು ಇಂದಿಗೂ ರೈಲು ಹತ್ತಲು ಘಟ್ಟ ಏರಬೇಕಾಗಿತ್ತು. ಆದ್ದರಿಂದ ಹಣದ ಮಾತನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ಪ್ರಶ್ನೆ ಬೇರೆ. ಆ ರೈಲು ಮೇಲಕ್ಕೆ ಏನನ್ನು ಹೊತ್ತು ಹೋಗುತ್ತದೆ, ಕೆಳಕ್ಕೆ ಏನನ್ನು ಹೊತ್ತು ತರುತ್ತದೆ?

ಕಾಶ್ಮೀರದ ಮಾರ್ಗಕ್ಕೆ ಈ ಪ್ರಶ್ನೆ ಕೇಳಿದರೆ ಉತ್ತರ ಸಲೀಸಾಗಿ ಸಿಗುತ್ತದೆ. 272 ಕಿಲೋಮೀಟರಿನ ಆ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, 2002ರಲ್ಲಿ ಅದನ್ನು ರಾಷ್ಟ್ರೀಯ ಯೋಜನೆಯೆಂದು ಘೋಷಿಸಲಾಯಿತು, ಮುಗಿದದ್ದು 2025ರಲ್ಲಿ. ಒಂದು ತಲೆಮಾರು ದಾಟಿತು. ಕಟ್ರಾದಿಂದ ಬನಿಹಾಲ್‌ವರೆಗಿನ ಅತಿ ಕಷ್ಟದ ಭಾಗವನ್ನು ಹೊತ್ತ ಸಂಸ್ಥೆಗಳಲ್ಲಿ ನಮ್ಮ ಕರಾವಳಿಯನ್ನು ಹಾದುಹೋಗುವ ಕೊಂಕಣ ರೈಲ್ವೆ ನಿಗಮವೂ ಇತ್ತು. ನದಿಯ ಮಟ್ಟದಿಂದ 359 ಮೀಟರ್ ಎತ್ತರದಲ್ಲಿ ನಿಂತ ಆ ಸೇತುವೆಯ ಬುಡವನ್ನು, ಒಡಕು ಬಂಡೆಗಳ ಇಳಿಜಾರಿನಲ್ಲಿ, ಭದ್ರಪಡಿಸುವ ಬಗೆಯನ್ನು ಹೇಳಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಮಾಧವಿ ಲತಾ ಅವರೂ ಒಬ್ಬರು. ಹದಿನೇಳು ವರ್ಷ ಅವರು ಆ ಕೆಲಸದಲ್ಲಿ ತೊಡಗಿದ್ದರು. ನಮ್ಮ ಸಂಘದಲ್ಲಿ ಅಂದು ಉಕ್ಕಿದ ಅಭಿಮಾನ ಸುಳ್ಳಲ್ಲ.

ಆದರೆ ಆ ಮಾರ್ಗವನ್ನು ಸಾರ್ಥಕಗೊಳಿಸುವುದು ಸೇತುವೆಯ ಎತ್ತರವಲ್ಲ, ಸೇಬಿನ ತೂಕ. ಕಾಶ್ಮೀರದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಸೇಬು ಬೆಳೆಯುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ಜಮ್ಮು–ಶ್ರೀನಗರ ಹೆದ್ದಾರಿ ಕುಸಿದು, ಸೇಬು ತುಂಬಿದ ಸಾವಿರಾರು ಲಾರಿಗಳು ದಾರಿಯಲ್ಲೇ ನಿಂತವು, ಹಣ್ಣು ಕೊಳೆಯಿತು. ಸೆಪ್ಟೆಂಬರಿನಲ್ಲಿ ಬಡಗಾಮ್‌ನಿಂದ ದೆಹಲಿಯ ಆದರ್ಶನಗರಕ್ಕೆ ಸೇಬಿನ ಪಾರ್ಸಲ್ ಗಾಡಿ ಹೊರಟಿತು. ಅದಕ್ಕೆ ಒಂದು ತಿಂಗಳು ಮೊದಲು, ಆಗಸ್ಟ್ 9ರಂದು, ಪಂಜಾಬಿನ ರೂಪನಗರದಿಂದ ಸಿಮೆಂಟು ಹೊತ್ತ ಮೊದಲ ಸರಕು ಗಾಡಿ ಅನಂತನಾಗ್ ಮುಟ್ಟಿತ್ತು. ಮೇಲಕ್ಕೆ ಸಿಮೆಂಟು, ಕೆಳಕ್ಕೆ ಸೇಬು. ಎರಡೂ ಕಡೆ ಭಾರವಿದ್ದರೆ ರೈಲಿನಂಥ ವಾಹನ ಮತ್ತೊಂದಿಲ್ಲ.

ಈಗ ಲಡಾಖಿಗೆ ಬನ್ನಿ. ಕೆಳಗಿನಿಂದ ಹೋಗಬೇಕಾದದ್ದು ಬೇಕಷ್ಟಿದೆ: ಅಕ್ಕಿ, ಸೀಮೆಎಣ್ಣೆ, ಡೀಸೆಲ್, ಸಿಮೆಂಟು, ಔಷಧ, ಸೈನ್ಯದ ಸಾಮಗ್ರಿ. ಚಳಿಗಾಲದ ತಿಂಗಳುಗಳಿಗೆ ಬೇಕಾದುದೆಲ್ಲ ಹಿಮ ಬೀಳುವ ಮೊದಲೇ ಮೇಲೆ ಸೇರಬೇಕು. ಕೆಳಗಿಳಿಯುವುದು ಯಾವುದು? ಚಾಂಗ್‌ತಾಂಗ್ ಪ್ರಸ್ಥಭೂಮಿಯ ಮೇಕೆಗಳ ಪಶ್ಮೀನಾ ತುಪ್ಪಳ, ಕಾರ್ಗಿಲ್ ಕಡೆಯ ಜರ್ದಾಳು. ಎರಡೂ ಬೆಲೆಯುಳ್ಳವು, ಎರಡೂ ಹಗುರ. ಮುಂದೆ ಲಡಾಖ್ ಕೊಡಬಹುದಾದ ದೊಡ್ಡ ಉತ್ಪನ್ನವೆಂದರೆ ಸೂರ್ಯನ ಬಿಸಿಲಿನ ವಿದ್ಯುತ್ತು. 13 ಗಿಗಾವಾಟ್ ಸಾಮರ್ಥ್ಯದ ಯೋಜನೆಗಾಗಿ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 20 ಸಾವಿರ ಕೋಟಿಗೂ ಮೀರಿದ ತಂತಿಮಾರ್ಗಕ್ಕೆ. ವಿದ್ಯುತ್ತು ವ್ಯಾಗನ್ನಿನಲ್ಲಿ ಬರುವುದಿಲ್ಲ. ಹಾಗಾದರೆ ಲೇಹ್‌ನಿಂದ ಇಳಿಯುವ ಗಾಡಿಯಲ್ಲಿ ಬರುವವರು ಪ್ರವಾಸಿಗಳು ಮತ್ತು ರಜೆಯ ಮೇಲೆ ಊರಿಗೆ ಹೊರಟ ಯೋಧರು, ಅಷ್ಟೆ.

ಯೋಧರ ಮಾತು ಬಂದಾಗ ನಾನು ದನಿ ತಗ್ಗಿಸಿಯೇ ಮಾತಾಡಬೇಕು. 1999ರಲ್ಲಿ ಕಾರ್ಗಿಲಿನ ಶಿಖರಗಳಿಂದ ಶತ್ರುಗಳು ಶ್ರೀನಗರ–ಲೇಹ್ ರಸ್ತೆಯ ಮೇಲೆ ಗುಂಡು ಸುರಿದದ್ದನ್ನು ಮರೆತಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಮಂದಿ ಮಡಿದರು. ಅಲ್ಲಿ ಕಾವಲಿರುವವರಿಗೆ ಅನ್ನ, ಬಟ್ಟೆ, ಮದ್ದುಗುಂಡು ವರ್ಷವಿಡೀ ತಲುಪಬೇಕೆಂಬುದರಲ್ಲಿ ಎರಡನೆಯ ಮಾತಿಲ್ಲ. ಆದರೆ ಅದಕ್ಕೆ ರೈಲೇ ದಾರಿಯೇ ಎಂಬುದು ಚರ್ಚೆಗೆ ಅರ್ಹ.

ಇಲ್ಲಿ ನನ್ನ ಊರಿನ ಅನುಭವ ಹೇಳಬೇಕು. ನಾನು ಸಕಲೇಶಪುರದ ಕಡೆಯವನು. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ರೈಲು ಘಟ್ಟವಿಳಿಯಲು ಆರಂಭಿಸಿದಾಗ ಊರಿಗೆ ಊರೇ ನೋಡಲು ಹೋಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ಐವತ್ತು ಅಡಿ ಸಾಗಿದರೆ ಒಂದಡಿ ಏರು. ಕೇಳಲು ಇದೇನು ಮಹಾ ಎನ್ನಿಸುತ್ತದೆ. ಹಳಿಯ ಮೇಲೆ ಅದು ಗೋಡೆ ಇದ್ದ ಹಾಗೆ. ಸರಕು ಗಾಡಿಗೆ ಹೆಚ್ಚಿನ ಎಂಜಿನ್ನುಗಳನ್ನು ಕಟ್ಟಿ ಹಿಂದಿನಿಂದ ತಳ್ಳಬೇಕು, ಆಮೆಯಂತೆ ನಡೆಸಬೇಕು, ಮುಂದಿನ ಗಾಡಿ ಒಂಟಿ ಹಳಿ ತೆರವಾಗುವವರೆಗೆ ಕಾಯಬೇಕು. 1996ರಲ್ಲಿ ಗೇಜ್ ಪರಿವರ್ತನೆಗೆಂದು ನಿಂತ ಮಾರ್ಗದಲ್ಲಿ ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ನಡುವೆ ಯಡಕುಮೇರಿಯ ನಿಲ್ದಾಣ ಬೆಂಗಳೂರಿನ ತರುಣರ ಚಾರಣದ ಬಿಡಾರವಾಗಿತ್ತು! 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತು, 2024ರ ಜುಲೈಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಜರಿಯಿತು. ಇದು ಸಾವಿರ ಮೀಟರನ್ನೂ ಮುಟ್ಟದ ನಮ್ಮ ಘಟ್ಟದ ಕಥೆ. ಮನಾಲಿ ಸುಮಾರು ಎರಡು ಸಾವಿರ ಮೀಟರಿನಲ್ಲಿದೆ, ಲೇಹ್ ಮೂರೂವರೆ ಸಾವಿರದಲ್ಲಿ. ಇವೆರಡರ ನಡುವಿನ ರಸ್ತೆ ತಾಂಗ್‌ಲಾಂಗ್ ಲಾದಲ್ಲಿ ಐದು ಸಾವಿರದ ಮುನ್ನೂರನ್ನು ದಾಟುತ್ತದೆ. ಶಿಖರಗಳ ಕೆಳಗೆ ಎಷ್ಟೇ ಸುರಂಗ ಕೊರೆದರೂ ಏರುವುದು ತಪ್ಪದು.

ಚೀನಾ ಮಾಡಿಲ್ಲವೆ ಎಂದು ನೀವು ಕೇಳಬಹುದು. ಮಾಡಿದೆ. ಗೋಲ್ಮುಡ್‌ನಿಂದ ಲಾಸಾವರೆಗಿನ 1,142 ಕಿಲೋಮೀಟರ್ ಮಾರ್ಗ 2006ರ ಜುಲೈ 1ರಂದು ತೆರೆಯಿತು. 5,072 ಮೀಟರ್ ಎತ್ತರದ ತಾಂಗ್‌ಗುಲಾ ಕಣಿವೆಯನ್ನು ಅದು ಹಾಯುತ್ತದೆ, ಬೋಗಿಗಳಲ್ಲಿ ಪ್ರಯಾಣಿಕರಿಗೆ ಆಮ್ಲಜನಕ ಕೊಡುತ್ತದೆ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲ ಕರಗಿ ಹಳಿ ಕುಸಿಯದಿರಲೆಂದು ದಾರಿಯುದ್ದಕ್ಕೂ ಶಾಖವನ್ನು ಹೊರಗೆಳೆಯುವ ಕೊಳವೆಗಳನ್ನು ನೆಟ್ಟಿದ್ದಾರೆ. ಆದರೆ ಅದು ಬಹುಪಾಲು ಪ್ರಸ್ಥಭೂಮಿಯ ಮೇಲಿನ ಓಟ. ನಮ್ಮದು ಕಣಿವೆಯಿಂದ ಕಣಿವೆಗೆ ಹತ್ತಿ ಇಳಿಯುವ ದಾರಿ. ಆ ರೈಲಿನ ಬೆನ್ನಿಗೆ ಲಾಸಾಕ್ಕೆ ಹೊರಗಿನ ವ್ಯಾಪಾರಿಗಳೂ ಪ್ರವಾಸಿಗಳೂ ತಂಡತಂಡವಾಗಿ ಬಂದರು. ಟಿಬೆಟನ್ನರ ಒಪ್ಪಿಗೆ ಕೇಳಿ ಆ ಹಳಿಯನ್ನು ಹಾಕಿರಲಿಲ್ಲ. ನಾವು ಅನುಕರಿಸಬೇಕಾದದ್ದು ಕೊಳವೆಗಳನ್ನೇ ಹೊರತು ಈ ರೀತಿಯನ್ನಲ್ಲ.

ಸೈನ್ಯದ ಅಗತ್ಯಕ್ಕೆ ರಸ್ತೆಯ ಸುರಂಗಗಳು ಬೇಗ ಒದಗುತ್ತವೆ. ರೋಹ್ತಾಂಗ್ ಕೆಳಗಿನ 9 ಕಿಲೋಮೀಟರಿನ ಅಟಲ್ ಸುರಂಗ 2020ರಲ್ಲಿ ತೆರೆಯಿತು. ಜೋಜಿಲಾದಲ್ಲಿ ಸುಮಾರು 13 ಕಿಲೋಮೀಟರಿನ ಸುರಂಗಕ್ಕೆ ಅದೇ ವರ್ಷ ಕೆಲಸ ಆರಂಭವಾಯಿತು, ಶಿಂಕುಲಾದ 4.1 ಕಿಲೋಮೀಟರಿನದಕ್ಕೆ 2024ರಲ್ಲಿ ಮೊದಲ ಸಿಡಿಮದ್ದು ಇಟ್ಟರು. ಇವು ಮುಗಿದರೆ ಲಡಾಖಿಗೆ ಎರಡು ದಿಕ್ಕಿನಿಂದ ಬಹುತೇಕ ವರ್ಷವಿಡೀ ತೆರೆದಿರುವ ರಸ್ತೆ ಸಿಗುತ್ತದೆ. ಒಂದು ಮುಚ್ಚಿದರೆ ಇನ್ನೊಂದಿದೆ. ಸಾವಿರಾರು ಕೋಟಿಗಳ ಒಂಟಿ ಹಳಿಗೆ ಆ ಸೌಲಭ್ಯವಿಲ್ಲ. ಆದಾಗ್ಯೂ ರೈಲೇ ಬೇಕೆಂದು ಸೇನಾಪತಿಗಳು ಹೇಳಿದರೆ ಆಗಲಿ. ಆದರೆ ಆ ವೆಚ್ಚವನ್ನು ರಕ್ಷಣೆಯ ಖಾತೆಯಲ್ಲಿ ಬರೆಯಲಿ. ಲಡಾಖಿಗಳ ಅಭಿವೃದ್ಧಿ ಎಂಬ ತಲೆಬರಹದ ಕೆಳಗೆ ಬರೆಯುವುದು ಲೆಕ್ಕಿಗನಾದ ನನಗೆ ಸರಿತೋರುವುದಿಲ್ಲ.

ಕಳೆದ ಬಾರಿ ಲೇಹ್‌ಗೆ ಹೋದಾಗ ನಾನೂ ನನ್ನ ಮನೆಯವರೂ ಒಂದು ಸಣ್ಣ ಮನೆಯಲ್ಲಿ ತಂಗಿದ್ದೆವು. ಮನೆಯ ಯಜಮಾನಿ ಅರವತ್ತು ದಾಟಿದವರು. ಅಂಗಳದ ಹಿಂದೆ ಅವರ ಹಳೆಯ ಪಾಯಿಖಾನೆ ಇತ್ತು. ನೀರಿಲ್ಲದ್ದು, ಮಣ್ಣು ಬೂದಿ ಹಾಕಿ ಹೊಲಕ್ಕೆ ಗೊಬ್ಬರ ಮಾಡುವಂಥದು. ಅತಿಥಿಗಳಿಗಾಗಿ ಹೊಸದಾಗಿ ನೀರಿನದು ಕಟ್ಟಿಸಿದ್ದರು. ಅದಕ್ಕೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ರೈಲಿನ ಮಾತೆತ್ತಿದೆ. ಅವರು ಹಿಂದಿಯಲ್ಲಿ, “ಅಣ್ಣಾ, ಮಗಳಿಗೆ ಚಂಡೀಗಢದಲ್ಲಿ ಹೆರಿಗೆಯಾದಾಗ ವಿಮಾನದ ಟಿಕೆಟ್ಟಿಗೆ ಹಣವಿಲ್ಲದೆ ನಾನು ಹೋಗಲಾಗಲಿಲ್ಲ. ರೈಲಿದ್ದರೆ ಹೋಗುತ್ತಿದ್ದೆ” ಎಂದರು. ನಾನು ತಲೆಯಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಆದರೆ ಅದರಲ್ಲಿ ನಾನು ಒಬ್ಬಳು ಹೋಗುತ್ತೇನೆ, ಬರುವವರು ಎಷ್ಟು ಮಂದಿ? ಅವರಿಗೆಲ್ಲ ನೀರು ಎಲ್ಲಿಂದ ತರಲಿ?” ಎಂದರು.

ನನ್ನ ವಾದಕ್ಕೆ ಎದುರಾಗಿ ನಿಲ್ಲುವುದು ಅವರ ಮೊದಲ ಮಾತು. ಅದನ್ನು ನಾನು ಮುಚ್ಚಿಡಲಾರೆ. ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರವೂ ಇಲ್ಲ. ಎರಡನೆಯ ಮಾತಿನ ಹಿಂದೆ ಇಡೀ ಲಡಾಖಿನ ಕಳವಳವಿದೆ. 2022ರಲ್ಲಿ ಬಂದ ಪ್ರವಾಸಿಗಳ ಸಂಖ್ಯೆ ಐದು ಲಕ್ಷ ದಾಟಿತು, ಅಂದರೆ ಊರವರ ಇಮ್ಮಡಿ. 2019ರಲ್ಲಿ ಕೇಂದ್ರಾಡಳಿತ ಪ್ರದೇಶವಾದ ಮೇಲೆ ಅಲ್ಲಿಗೆ ಶಾಸನಸಭೆ ಇಲ್ಲದಾಯಿತು. ಭೂಮಿ, ಉದ್ಯೋಗ, ಸಂಸ್ಕೃತಿಗಳ ರಕ್ಷಣೆಗೆ ಸಂವಿಧಾನದ ಆರನೆಯ ಅನುಸೂಚಿಯನ್ನು ಅನ್ವಯಿಸಿ, ರಾಜ್ಯದ ಸ್ಥಾನ ಕೊಡಿ ಎಂದು ಲೇಹ್‌ನ ಬೌದ್ಧರೂ ಕಾರ್ಗಿಲಿನ ಮುಸ್ಲಿಮರೂ ಒಟ್ಟಾಗಿ ಕೇಳಿದರು. 2025ರ ಸೆಪ್ಟೆಂಬರ್ 24ರಂದು ಲೇಹ್‌ನ ಪ್ರತಿಭಟನೆ ಹಿಂಸೆಗೆ ತಿರುಗಿ ನಾಲ್ವರು ಸತ್ತರು.

ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ. ನಾವೆಲ್ಲ ರೈಲು ಹೊತ್ತು ತಂದ ಜನ. ತಗಡಿನ ಪೆಟ್ಟಿಗೆ, ಹಾಸಿಗೆ ಸುರುಳಿ, ಚಟ್ನಿಪುಡಿಯ ಡಬ್ಬಿ ಹಿಡಿದು ಈ ದೆಹಲಿಯಲ್ಲಿ ಇಳಿದವರು. ನಮ್ಮನ್ನು ಇಲ್ಲಿ ಯಾರೂ ತಡೆಯಲಿಲ್ಲ. ಅತ್ತ ಬೆಂಗಳೂರಿಗೆ ಬಂದಿಳಿಯುವ ಹೊರಗಿನವರ ಬಗ್ಗೆ ನಮ್ಮ ಸಂಘದಲ್ಲೇ ಎಷ್ಟು ಬಿಸಿ ಚರ್ಚೆ ನಡೆದಿಲ್ಲ? ಕೋಟಿಗೂ ಮೀರಿ ಜನರಿರುವ ನಗರದ ಬಗ್ಗೆ ನಮಗೆ ಅಷ್ಟು ಅಂಜಿಕೆಯಿದ್ದರೆ, ಎರಡೂಮುಕ್ಕಾಲು ಲಕ್ಷ ಜನರ ಅಂಜಿಕೆಯನ್ನು ಸಣ್ಣತನವೆನ್ನಲು ನನಗೆ ನಾಲಿಗೆ ಏಳದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬೇರಿಯವರೆಗಿನ ಕೆಲಸ ಮುಗಿಯಲಿ. ಮಂಡಿಯವರೆಗೂ ಮುಂದುವರಿಯಲಿ, ಆ ಕಣಿವೆಗಳಲ್ಲಿ ಜನವಿದ್ದಾರೆ, ಹಣ್ಣುಹಂಪಲಿದೆ. ಮನಾಲಿಯಿಂದಾಚೆಗೆ ಸಮೀಕ್ಷೆಯ ಕಾಗದಗಳನ್ನು ಜೋಪಾನವಾಗಿ ಇಡಲಿ, ಹಳಿ ಬೇಡ. ಮೊದಲು ರಸ್ತೆಯ ಸುರಂಗಗಳನ್ನು ಮುಗಿಸಲಿ. ಹೆರಿಗೆಗೋ ಕಾಯಿಲೆಗೋ ಕೆಳಗಿಳಿಯುವ ಲಡಾಖಿಗಳಿಗೆ ವಿಮಾನದ ದರದಲ್ಲಿ ರಿಯಾಯಿತಿ ಸಿಗುವಂತಾಗಲಿ. ತಮ್ಮ ನೆಲದ ಮೇಲೆ ತಮಗೆ ಮಾತಿದೆ ಎಂದು ಅವರಿಗೆ ಭರವಸೆ ಬಂದ ದಿನ, ರೈಲು ಬೇಕೆಂದು ಅವರೇ ಕೇಳಿದರೆ, ನಾನು ನನ್ನ ಭಾಗಾಕಾರವನ್ನು ಹರಿದುಹಾಕುತ್ತೇನೆ.

ಬರುವ ಬೇಸಿಗೆಯಲ್ಲಿ ಸಂಘದಿಂದ ಲೇಹ್ ಪ್ರವಾಸ ಏರ್ಪಡಿಸುವ ಆಲೋಚನೆ ಕಾರ್ಯದರ್ಶಿಗಳಿಗಿದೆ. ಮನಾಲಿಯಿಂದ ಬಸ್ಸಿನಲ್ಲೇ ಹೋಗೋಣವೆಂದು ನನ್ನ ಸೂಚನೆ. ಹೆಸರು ಕೊಡುವವರು ಇಪ್ಪತ್ತಕ್ಕೆ ಮೀರದಿರಲಿ. ಆ ಯಜಮಾನಿಯ ಹಳೆಯ ಪಾಯಿಖಾನೆಯನ್ನು ಬಳಸಲು ಅಡ್ಡಿಯಿಲ್ಲದವರು ಮೊದಲು ಕೊಡಲಿ.