ಮೂರನೆಯ ಚಕ್ರವೂ ಮುಂದಿನ ಕವಲೂ



ನಮ್ಮ ದೇಶದ 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯಲ್ಲಿ ‘ಮೋಟಾರ್ ಸೈಕಲ್’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವಿವರಣೆ ಬಹು ಸ್ವಾರಸ್ಯವಾದುದು. ಎರಡು ಚಕ್ರಗಳ ವಾಹನವೆಂದು ಮೊದಲು ಹೇಳಿ, ಹೆಚ್ಚಿನದೊಂದು ಚಕ್ರವುಳ್ಳ, ಕಳಚಿಡಬಹುದಾದ ಸೈಡ್‌ಕಾರನ್ನು ಜೋಡಿಸಿದ್ದರೆ ಅದೂ ಅದರೊಳಗೇ ಸೇರಿತೆಂದು ಅದು ಮುಂದುವರಿಯುತ್ತದೆ. ಎಂದರೆ, ಕಣ್ಣಿಗೆ ಮೂರು ಚಕ್ರಗಳು ಕಾಣುತ್ತಿದ್ದರೂ ಕಾನೂನಿನ ಲೆಕ್ಕಕ್ಕೆ ಎರಡೇ. ನ್ಯಾಯಶಾಸ್ತ್ರಕ್ಕೆ ಇದು ಒಪ್ಪಬಹುದು, ಚಲನಶಾಸ್ತ್ರಕ್ಕೆ ಒಪ್ಪದು. ಸೈಡ್‌ಕಾರನ್ನು ಬಿಗಿದ ಗಳಿಗೆಯಿಂದಲೇ ಮೋಟಾರ್ ಸೈಕಲ್ಲು ತನ್ನ ಹುಟ್ಟುಗುಣವನ್ನು ಬಿಟ್ಟು ಬೇರೊಂದು ವಾಹನವಾಗುತ್ತದೆ. ಈ ರೂಪಾಂತರದ ಕಷ್ಟವೆಲ್ಲ ಬಂದು ಬೀಳುವುದು ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ ಮೇಲೆ, ಎಂದರೆ ರೂಢಿಯಲ್ಲಿ ನಾವು ಫೋರ್ಕ್ ಎನ್ನುವ ಅಂಗದ ಮೇಲೆ. ಆ ಫೋರ್ಕನ್ನು ಹೊಸದಾಗಿ ರಚಿಸುವುದು ಏಕೆ, ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಬೈಸಿಕಲ್ ತುಳಿದವರಿಗೆಲ್ಲ ಅನುಭವವಿರುವ ಸಂಗತಿಯೊಂದುಂಟು. ವೇಗವಾಗಿ ಹೋಗುತ್ತಿರುವಾಗ ತಿರುವು ಬಂದರೆ ನಾವು ಹ್ಯಾಂಡಲನ್ನು ತಿರುಗಿಸಿದ್ದು ನಮಗೇ ತಿಳಿಯುವುದಿಲ್ಲ. ಗಾಡಿಯೊಡನೆ ಮೈಯನ್ನು ಒಳಕ್ಕೆ ವಾಲಿಸುತ್ತೇವೆ, ಅದು ತಿರುಗುತ್ತದೆ. ಹಾಗೆ ವಾಲಿದಾಗ ಭಾರವೂ ತಿರುವಿನ ತಳ್ಳಾಟವೂ ಕೂಡಿ ಚಕ್ರದ ಕಡ್ಡಿಗಳ ನೇರದಲ್ಲಿಯೇ ಇಳಿಯುತ್ತವೆ. ಚಕ್ರವನ್ನು ಅಡ್ಡಲಾಗಿ ಮುರಿಯುವ ಬಲ ಹೆಚ್ಚಾಗಿ ಇರುವುದಿಲ್ಲ. ಸೈಡ್‌ಕಾರು ಜೋಡಿಸಿದ ಗಾಡಿಯಾದರೋ ವಾಲಲಾರದು. ಎತ್ತಿನ ಗಾಡಿಯ ಹಾಗೆ ನೆಟ್ಟಗೆ ನಿಂತೇ ಅದು ತಿರುಗಬೇಕು. ಆಗ ತಿರುವಿನ ಬಲವೆಲ್ಲ ಚಕ್ರಕ್ಕೆ ಅಡ್ಡಲಾಗಿ ಬಡಿಯುತ್ತದೆ. ಒಂದರೊಳಗೊಂದು ಜಾರುವ ಎರಡು ನಳಿಗೆಗಳಿಂದಾದ ಸಾಮಾನ್ಯ ಫೋರ್ಕು ಇಂತಹ ಅಡ್ಡ ಬಲಕ್ಕೆಂದು ಹುಟ್ಟಿದುದಲ್ಲ. ಅದು ತಿರುಚಿಕೊಳ್ಳುತ್ತದೆ, ನಳಿಗೆಗಳು ಹಿಡಿದುಕೊಳ್ಳುತ್ತವೆ. ಸವಾರನ ತೋಳುಗಳ ಪಾಡಂತೂ ಹೇಳತೀರದು. ನಮ್ಮ ದೇಶದಂತೆ ಸೈಡ್‌ಕಾರು ಎಡಗಡೆಯಲ್ಲಿದ್ದರೆ, ವೇಗ ಹೆಚ್ಚಿಸಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ. ಮೋಟಾರ್ ಸೈಕಲ್ಲಿನ ಬ್ರೇಕನ್ನು ಮಾತ್ರ ಒತ್ತಿದಾಗ ಸೈಡ್‌ಕಾರು ಮುಂದೆ ನುಗ್ಗಿ ಗಾಡಿ ಬಲಕ್ಕೆ ಎಳೆಯುತ್ತದೆ. ಸವಾರನು ಇದನ್ನೆಲ್ಲ ಹ್ಯಾಂಡಲಿನಿಂದಲೇ ತಡೆಯಬೇಕು.

ಹ್ಯಾಂಡಲು ಹಾಗೆ ಭಾರವಾಗುವುದಕ್ಕೆ ಮುಖ್ಯ ಕಾರಣ ‘ಟ್ರೇಲ್’ ಎಂಬ ಒಂದು ಅಳತೆ. ಆಸ್ಪತ್ರೆಯ ಮಂಚದ ಕಾಲಿನಲ್ಲಿರುವ ಸಣ್ಣ ಗಾಲಿಯನ್ನು ತಾವು ನೋಡಿರಬಹುದು. ಅದು ತಿರುಗುವ ಮೊಳೆ ಮುಂದಿದೆ, ನೆಲವನ್ನು ಮುಟ್ಟುವ ಗಾಲಿ ಸ್ವಲ್ಪ ಹಿಂದಿದೆ. ಆದುದರಿಂದಲೇ ಮಂಚವನ್ನು ಎತ್ತ ದೂಡಿದರೂ ಗಾಲಿ ವಿಧೇಯ ಸೇವಕನಂತೆ ಹಿಂದೆ ಬರುತ್ತದೆ. ಮೋಟಾರ್ ಸೈಕಲ್ಲಿನಲ್ಲಿಯೂ ಹ್ಯಾಂಡಲು ತಿರುಗುವ ಅಚ್ಚಿನ ರೇಖೆಯನ್ನು ನೆಲದವರೆಗೆ ಎಳೆದರೆ ಅದು ಚಕ್ರವು ನೆಲ ಮುಟ್ಟುವ ಸ್ಥಳಕ್ಕಿಂತ ಮುಂದೆ ಬೀಳುತ್ತದೆ. ಈ ಎರಡು ಬಿಂದುಗಳ ನಡುವಣ ದೂರವೇ ಟ್ರೇಲ್. ಚಕ್ರವನ್ನು ನೆಟ್ಟಗೆ ತರುವ ಗುಣ ಅದರದು. ವಾಲಿದ ಗಾಡಿಯಲ್ಲಿ ಈ ಎಳೆತವನ್ನು ವಾಲಿದ ಭಾರವೇ ಬಹುಮಟ್ಟಿಗೆ ಸರಿದೂಗಿಸುತ್ತದೆ. ವಾಲದ ಗಾಡಿಯಲ್ಲಿ ಸರಿದೂಗಿಸಬೇಕಾದದ್ದು ಮನುಷ್ಯನ ಭುಜ.

ಒಂದು ಲೆಕ್ಕ ಮಾಡೋಣ; ಕಾಲೇಜಿನ ಮೇಷ್ಟರ ಚಾಳಿಯೆಂದು ಶ್ರೋತೃಗಳು ಕ್ಷಮಿಸಬೇಕು. ಮುಂದಿನ ಚಕ್ರದ ತ್ರಿಜ್ಯ 310 ಮಿಲಿಮೀಟರು, ಅಚ್ಚಿನ ಓರೆ ಲಂಬದಿಂದ 27 ಡಿಗ್ರಿ, ಚಕ್ರದ ಇರುಸು ಅಚ್ಚಿನ ರೇಖೆಗಿಂತ 50 ಮಿಲಿಮೀಟರು ಮುಂದೆ ಇದೆ ಎನ್ನೋಣ. ಟ್ರೇಲ್ ಸುಮಾರು 102 ಮಿಲಿಮೀಟರು ಬರುತ್ತದೆ. ಒಂಟಿ ಗಾಡಿಗೆ ಇದು ತಕ್ಕ ಅಳತೆ. ಸೈಡ್‌ಕಾರಿಗೆ 45ರ ಆಸುಪಾಸು ಹಿತವೆಂದಿಟ್ಟುಕೊಂಡರೆ, ಇರುಸನ್ನು ಅಚ್ಚಿನ ರೇಖೆಗಿಂತ 100 ಮಿಲಿಮೀಟರು ಮುಂದಕ್ಕೆ ತರಬೇಕು. ಬೆರಳು ಮೂರರಷ್ಟು ಅಗಲವೂ ಇಲ್ಲದ ಈ ಸ್ಥಳಾಂತರದಿಂದ ತೋಳಿನ ಶ್ರಮ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗಾದರೆ ಟ್ರೇಲನ್ನು ಪೂರ್ತಿ ತೆಗೆದುಬಿಡಬಾರದೇಕೆ ಎಂದು ಕೇಳಬಹುದು. ತೀರ ಕಡಿಮೆ ಮಾಡಿದರೆ ಚಕ್ರಕ್ಕೆ ದಾರಿಯ ನೆನಪೇ ಇರುವುದಿಲ್ಲ. ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ವೇಗದಲ್ಲಿ ಹ್ಯಾಂಡಲು ಎಡಬಲಕ್ಕೆ ಥರಥರನೆ ಬಡಿದುಕೊಳ್ಳತೊಡಗುತ್ತದೆ. ಅದಕ್ಕೆ ತಡೆ ಹಾಕುವ ಡ್ಯಾಂಪರನ್ನು ಸೈಡ್‌ಕಾರಿನ ಗಾಡಿಗಳಲ್ಲಿ ಇಡುವುದು ಇದಕ್ಕಾಗಿಯೇ.

ಇರುಸನ್ನು ಮುಂದೆ ತರಲು ಹಲವು ಉಪಾಯಗಳಿವೆ. ಅವುಗಳಲ್ಲಿ ಅತ್ಯುತ್ತಮವೆಂದು ನಾನು ತಿಳಿದಿರುವುದು, ನಳಿಗೆಗಳನ್ನೇ ತೆಗೆದುಹಾಕಿ ‘ಲೀಡಿಂಗ್ ಲಿಂಕ್’ ಫೋರ್ಕನ್ನು ಕಟ್ಟುವುದು. ಇದರಲ್ಲಿ ಎರಡು ಗಟ್ಟಿ ಕಂಬಗಳು ಚಕ್ರದ ಹಿಂಬದಿಗೆ ಇಳಿದುಬರುತ್ತವೆ. ಅವುಗಳ ತುದಿಯಲ್ಲಿ, ಚಕ್ರವನ್ನು ಹಿಂದಿನಿಂದ ಲಾಳದಂತೆ ಬಳಸಿರುವ ಒಂದು ತೂಗುತೋಳು ಕೀಲಿಗೆ ಸಿಕ್ಕಿ, ಮುಂದಕ್ಕೆ ಚಾಚಿ, ಇರುಸನ್ನು ಹಿಡಿಯುತ್ತದೆ. ಲಾಳವು ಒಂದೇ ತುಂಡಾದ್ದರಿಂದ ಅಡ್ಡ ಬಲಕ್ಕೆ ಜಗ್ಗುವುದಿಲ್ಲ. ಇಂಗ್ಲೆಂಡಿನ ಅರ್ನೆಸ್ಟ್ ಅರ್ಲ್ಸ್ ಎಂಬಾತ 1950ರ ದಶಕದ ಆರಂಭದಲ್ಲಿ ಪ್ರಸಿದ್ಧಿಗೆ ತಂದ ಈ ಮಾದರಿಯನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರ್ಖಾನೆ 1955ರಿಂದ 1969ರವರೆಗೆ ತನ್ನ ಗಾಡಿಗಳಿಗೆ ಹಾಕಿತು. ಆ ಗಾಡಿಗಳ ಕಂಬದಲ್ಲಿ ಕೀಲಿಗೆ ಒಂದರ ಮುಂದೆ ಒಂದರಂತೆ ಎರಡು ರಂಧ್ರಗಳಿದ್ದವು. ಹಿಂದಿನದು ಒಂಟಿ ಸವಾರಿಗೆ, ಮುಂದಿನದು ಸೈಡ್‌ಕಾರಿಗೆ. ಕೀಲನ್ನು ಕಿತ್ತು ಮುಂದಿನ ರಂಧ್ರಕ್ಕೆ ಹಾಕಿದರೆ ಟ್ರೇಲ್ ಕಡಿಮೆಯಾಯಿತು! ನೂರು ಪುಟ ವ್ಯಾಖ್ಯಾನಕ್ಕಿಂತ ಆ ಎರಡನೆಯ ರಂಧ್ರವೇ ವಿಷಯವನ್ನು ಚೆನ್ನಾಗಿ ಬೋಧಿಸುತ್ತದೆ. ರಷ್ಯದ ಇರ್ಬಿಟ್ ಪಟ್ಟಣದಲ್ಲಿ ಬೆಳೆದ, ಸೈಡ್‌ಕಾರಿಗೇ ಹೆಸರಾದ ಉರಾಲ್ ಗಾಡಿಗಳೂ ಈಚಿನ ದಶಕಗಳಲ್ಲಿ ಇದೇ ಜಾತಿಯ ಫೋರ್ಕನ್ನು ಅವಲಂಬಿಸಿವೆ.

ನನ್ನ ಪರಿಚಿತರೊಬ್ಬರು ಇಂತಹ ಫೋರ್ಕನ್ನು ತಾವೇ ಕಟ್ಟಿಸಿದರು. ಅವರ ಮಗನಿಗೆ ಕಾಲುಗಳಲ್ಲಿ ಬಲವಿಲ್ಲ. ಹಿಂದಿನ ಸೀಟಿನಲ್ಲಿ ಕೂರಲಾರ. ಸೈಡ್‌ಕಾರಿನಲ್ಲಿ ಹುಡುಗನನ್ನು ಶಾಲೆಗೆ ಕರೆದೊಯ್ಯಬೇಕೆಂಬುದು ತಂದೆಯ ಸಂಕಲ್ಪ. ಗುಜರಿಯಲ್ಲಿ ಕೊಂಡ ಕೊಳವೆಗಳನ್ನು ನಾನು ಬೇಡವೆಂದೆ. ಬೆಸುಗೆಯ ಸೀಳಿಲ್ಲದ ಉಕ್ಕಿನ ಕೊಳವೆಯನ್ನೇ ಅವರು ತರಿಸಿದರು. ಲೇತಿನ ಕೆಲಸ, ಬೆಸುಗೆಯ ಕೆಲಸ ಒಬ್ಬ ವೃದ್ಧ ಕುಶಲಿಯ ಕೈಯಲ್ಲಿ ನಡೆಯಿತು. ಎರಡು ಕಂಬಗಳೂ ಕೂದಲೆಳೆಯಷ್ಟೂ ಓರೆಯಾಗದಂತೆ ಭಾರವಾದ ಕಬ್ಬಿಣದ ಹಲಗೆಯ ಮೇಲೆ ಅವುಗಳನ್ನು ಬಿಗಿದು, ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಅಳೆದು, ಮತ್ತೆ ಅಳೆದು, ಆಮೇಲೆ ಆತ ಪೂರ್ತಿ ಬೆಸೆದ. ಸ್ಪ್ರಿಂಗಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇಕಾಯಿತು. ಕೀಲಿನಿಂದ ಇರುಸಿನವರೆಗಿನ ದೂರದ ಮುಕ್ಕಾಲು ಪಾಲಿನಲ್ಲಿ ಸ್ಪ್ರಿಂಗು ನಿಂತರೆ, ಚಕ್ರಕ್ಕೆ ಸಿಗುವ ಬಿಗಿ ಮುಕ್ಕಾಲಲ್ಲ, ಮುಕ್ಕಾಲರ ಮುಕ್ಕಾಲು. ಹಿಂದಿನ ಕಾಲದ ಮಗ್ಗಿ ಬಲ್ಲವರ ಮಾತಿನಲ್ಲಿ ಒಂಬತ್ತು ವೀಸ. ಇದನ್ನರಿಯದೆ ಹಳೆಯ ಸ್ಪ್ರಿಂಗನ್ನೇ ಹಾಕಿದವರ ಗಾಡಿ ಪ್ರತಿಯೊಂದು ಗುಂಡಿಯಲ್ಲಿಯೂ ತಳ ಬಡಿಯುತ್ತದೆ. ಬ್ರೇಕಿನದು ಇನ್ನೊಂದು ಸೂಕ್ಷ್ಮ. ಬ್ರೇಕನ್ನು ತೂಗುತೋಳಿಗೇ ಬಿಗಿದರೆ, ಅದನ್ನು ಒತ್ತಿದೊಡನೆ ಗಾಡಿಯ ಮೂತಿ ಕುಗ್ಗುವುದಕ್ಕೆ ಬದಲಾಗಿ ಮೇಲೇಳುತ್ತದೆ. ಬ್ರೇಕನ್ನು ಬೇರೆ ತಟ್ಟೆಯ ಮೇಲಿಟ್ಟು, ತೋಳಿಗೆ ಸಮಾನಾಂತರವಾದ ಸರಳೊಂದರಿಂದ ಕಂಬಕ್ಕೆ ಕಟ್ಟಿದರೆ ಈ ವಿಪರೀತ ಬಹಳ ಮಟ್ಟಿಗೆ ಅಡಗುತ್ತದೆ.

ಫೋರ್ಕು ಸಿದ್ಧವಾಯಿತು. ಕಾರ್ಖಾನೆಯ ಹಿಂದಿನ ವಿಶಾಲವಾದ ಅಂಗಳದಲ್ಲಿ, ಸೈಡ್‌ಕಾರಿನಲ್ಲಿ ಮರಳಿನ ಮೂಟೆಗಳನ್ನಿಟ್ಟು ಓಡಿಸಿದರು. ಹ್ಯಾಂಡಲು ಒಂದೇ ಕೈಯಲ್ಲಿ ತಿರುಗುವಷ್ಟು ಹಗುರವಾಗಿತ್ತು. ತಂದೆಗೆ ಆದ ಸಂತೋಷ ಹೇಳತಕ್ಕದ್ದಲ್ಲ. ಮರುದಿನವೇ ಮಗನನ್ನು ಕೂರಿಸುವುದಾಗಿ ಹೊರಟರು. ಮುದುಕ ಒಪ್ಪಲಿಲ್ಲ. ಎರಡು ವಾರ ಮೂಟೆಗಳೇ ಸವಾರಿ ಮಾಡಲಿ ಎಂದ. ಅದು ಕಳೆದ ಮೇಲೆ ಫೋರ್ಕನ್ನು ಬಿಚ್ಚಿಸಿ, ಬೆಸುಗೆಗಳ ಮೇಲಿನ ಬಣ್ಣವನ್ನು ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿದ. ಸ್ವಲ್ಪ ಹೊತ್ತಿನಲ್ಲಿ ಎಡಗಂಬದ ಬುಡದಲ್ಲಿ, ಕೀಲಿನ ಹತ್ತಿರ, ಬಿಳಿಯ ಪುಡಿಯ ಮೇಲೆ ಒದ್ದೆಯಾದೊಂದು ಗೆರೆ ಮೂಡಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆ ಹೊರಗೆ ಬಂದಿತ್ತು. ಉದ್ದ ಒಂದು ಉಗುರಿನಷ್ಟು. ಬರಿಗಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಯಾರೂ ಮಾತನಾಡಲಿಲ್ಲ. ಅದರ ಮೇಲೇ ಮತ್ತೊಂದು ಬೆಸುಗೆ ಹಾಕಿದರಾಗದೇ ಎಂದು ಯಾರೋ ಅಂದುದಕ್ಕೆ ಮುದುಕ ಉತ್ತರ ಕೊಡದೆ ಕಂಬವನ್ನು ಗರಗಸಕ್ಕೆ ಕೊಟ್ಟ. ಎರಡನೆಯ ಫೋರ್ಕಿಗೆ ಹೆಚ್ಚು ದಪ್ಪನಾದ ಕೊಳವೆಯನ್ನು ಬಳಸಿದರು. ಬೆಸುಗೆಯನ್ನು ಬಲ ಹೆಚ್ಚಾಗಿ ಬೀಳುವ ಮೂಲೆಯಿಂದ ದೂರಕ್ಕೆ ಸರಿಸಿ, ಮೂಲೆಗೆ ತ್ರಿಕೋನಾಕಾರದ ಆನಿಕೆಯ ತಗಡನ್ನು ಕೊಟ್ಟರು.

ಇನ್ನು ಸರ್ಕಾರದ ಮಾತು. ನಾನು ಮೊದಲು ಹೇಳಿದ ಅದೇ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮಾಲೀಕನಿಗೆ ಸ್ವಾತಂತ್ರ್ಯವಿಲ್ಲ. ಇದನ್ನು ಕಿರುಕುಳವೆಂದು ಗೊಣಗುವ ಹವ್ಯಾಸಿಗಳು ಬಹಳ ಮಂದಿ. ಸೀಮೆಸುಣ್ಣದ ಮೇಲಿನ ಆ ಗೆರೆಯನ್ನು ಕಂಡ ಮೇಲೆ ನನಗೇನೋ ಹಾಗೆನಿಸುವುದಿಲ್ಲ. ನನ್ನ ಪರಿಚಿತರು ನಕ್ಷೆಗಳನ್ನು ಕಟ್ಟಿಕೊಂಡು ನೋಂದಣಿಯ ಅಧಿಕಾರಿಗಳ ಬಳಿಗೆ ಹೋದರು. ಅಪ್ಪಣೆಗಾಗಿ ಕಾದಿರುವಷ್ಟು ಕಾಲವೂ ಗಾಡಿ ಅಂಗಳದಲ್ಲಿಯೇ ಸುತ್ತುತ್ತಿದೆ, ಮರಳಿನ ಮೂಟೆಗಳನ್ನು ಹೊತ್ತುಕೊಂಡು. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗ ಗಾಲಿಕುರ್ಚಿಯಲ್ಲಿ ಅಲ್ಲಿಗೆ ಬರುತ್ತಾನೆ. ಸೀಮೆಸುಣ್ಣದ ಪುಡಿಯನ್ನು ಉದುರಿಸುವ ಕೆಲಸ ಈಗ ಅವನದೇ.