ಗಾರೆಯ ಬಾಳಿಕೆ, ನುಡಿಯ ಬಾಳಿಕೆ
(ಸುವರ್ಣ ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)

 

ಮಹೋತ್ಸವವೆಂದರೆ ಕಳೆದ ಕಾಲವನ್ನು ಎಣಿಸಿ ನೋಡುವ ಸಮಯ. ಏನು ಉಳಿಯಿತು, ಏನು ಅಳಿಯಿತು, ಮುಂದಕ್ಕೆ ಉಳಿಯತಕ್ಕುದು ಯಾವುದು ಎಂಬ ವಿಚಾರವು ಇಂತಹ ದಿನಗಳಲ್ಲಿ ಭಕ್ತರ ಮನಸ್ಸಿನಲ್ಲಿ ತಾನಾಗಿಯೇ ಏಳುವುದು. ಕಟ್ಟಡವನ್ನು ಕಟ್ಟಿಸುವುದೇ ಹಿರಿಯ ಸೇವೆಯೆಂದು ಭಾವಿಸುವವರು ಬಹುಮಂದಿ. ಕಾಂಕ್ರೀಟಿನಿಂದ ಕಟ್ಟಿದುದು ಶಾಶ್ವತವೆಂಬ ನಂಬಿಕೆಯೂ ವ್ಯಾಪಕವಾದುದು. ಈ ನಂಬಿಕೆಯನ್ನು ಪಾರಸಿಕ ದೇಶದ, ಎಂದರೆ ಇಂದಿನ ಇರಾನಿನ, ದೃಷ್ಟಾಂತದಿಂದ ಪರೀಕ್ಷಿಸುವುದು ಈ ಉಪನ್ಯಾಸದ ಉದ್ದೇಶವಾಗಿದೆ.

ಮೊದಲು ಕಾಂಕ್ರೀಟಿನ ಗುಣವನ್ನು ವಿಚಾರಿಸತಕ್ಕುದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಸನ್ನದು ಪಡೆದನು. ಈಗ ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1450 ಡಿಗ್ರಿ ಸೆಂಟಿಗ್ರೇಡು ಉಷ್ಣದಲ್ಲಿ ಸುಟ್ಟು ಅರೆದು ಸಿಮೆಂಟನ್ನು ಮಾಡುವರು. ನೀರು ಬೆರೆತೊಡನೆ ಅದು ಮರಳು ಜಲ್ಲಿಗಳನ್ನು ಹಿಡಿದುಕೊಂಡು ಕಲ್ಲಾಗುವುದು. ಒತ್ತುವ ಭಾರವನ್ನು ಕಾಂಕ್ರೀಟು ಚೆನ್ನಾಗಿ ತಾಳುವುದು, ಎಳೆತವನ್ನು ತಾಳದು. ಆದುದರಿಂದ ಅದರೊಳಗೆ ಉಕ್ಕಿನ ಸರಳುಗಳನ್ನು ಇಡುವರು. ಕಾಂಕ್ರೀಟಿನ ಕ್ಷಾರಗುಣವು ಆ ಸರಳಿಗೆ ಕವಚದಂತಿರುವುದು. ಆದರೆ ಗಾಳಿಯಲ್ಲಿರುವ ಇಂಗಾಲಾಮ್ಲವು ವರ್ಷವರ್ಷವೂ ಒಳಕ್ಕಿಳಿದು ಆ ಕ್ಷಾರವನ್ನು ಕಳೆಯುವುದು. ಉಪ್ಪುನೀರು ಸೇರಿದರೆ ಕವಚವು ಇನ್ನೂ ಬೇಗ ಒಡೆಯುವುದು. ಆಗ ಸರಳಿಗೆ ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುವುದು. ಬಲಕ್ಕೆಂದು ಇಟ್ಟುದೇ ನಾಶಕ್ಕೆ ಕಾರಣವಾಗುವುದು. ಉಪ್ಪು, ಸೆಕೆ, ತೇವ ಮೂರೂ ಕೂಡಿರುವ ಪಾರಸಿಕ ಕೊಲ್ಲಿಯ ತೀರವು ಕಾಂಕ್ರೀಟಿಗೆ ಲೋಕದಲ್ಲಿಯೇ ಅತ್ಯಂತ ಕಠಿನವಾದ ನೆಲೆಗಳಲ್ಲಿ ಒಂದೆಂದು ಕಟ್ಟಡಶಾಸ್ತ್ರಜ್ಞರು ಎಣಿಸಿರುವರು. ಸಾಮಾನ್ಯ ಕಟ್ಟಡಕ್ಕೆ 50 ವರ್ಷ, ದೊಡ್ಡ ಸೇತುವೆಗೆ 100 ವರ್ಷ ಎಂದು ಆಯುಸ್ಸನ್ನು ಗೊತ್ತುಮಾಡಿಕೊಂಡೇ ಅವರು ಲೆಕ್ಕ ಹಾಕುವುದು ವಾಡಿಕೆ.

ರೋಮಾಪುರಿಯ ಪ್ಯಾಂಥಿಯನ್ ದೇವಾಲಯದ ಗುಮ್ಮಟವಾದರೋ ಸುಮಾರು 1900 ವರ್ಷಗಳಿಂದ ನಿಂತಿರುವುದು. ಅದರ ಅಗಲವು 43 ಮೀಟರಿಗೂ ಮಿಗಿಲು, ಒಳಗೆ ಸರಳುಗಳಿಲ್ಲ. ಸುಣ್ಣಕ್ಕೆ ಅಗ್ನಿಪರ್ವತದ ಬೂದಿಯನ್ನು ಕೂಡಿಸಿ ಅಲ್ಲಿಯವರು ಗಾರೆ ಮಾಡುತ್ತಿದ್ದರು. ಆ ಗಾರೆಯಲ್ಲಿ ಅಲ್ಲಲ್ಲಿ ಕಾಣುವ ಸುಣ್ಣದ ಬಿಳಿಯ ಗಂಟುಗಳನ್ನು ಸರಿಯಾಗಿ ಕಲಸದ ದೋಷವೆಂದು ಬಹುಕಾಲ ಎಣಿಸಲಾಗಿತ್ತು. ಬಿರುಕಿನಲ್ಲಿ ನೀರು ಇಳಿದಾಗ ಆ ಗಂಟು ಕರಗಿ, ಮತ್ತೆ ಹರಳುಗಟ್ಟಿ, ಬಿರುಕನ್ನು ಮುಚ್ಚುವುದೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕನ್ನಡನಾಡಿನಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸುಣ್ಣ ಸುರ್ಕಿಗಳ ಗಾರೆಯಿಂದ ಕಟ್ಟಿದರು. ಸುಟ್ಟ ಇಟ್ಟಿಗೆಯ ಪುಡಿಯೇ ಸುರ್ಕಿ. ಅದು ಸುಣ್ಣದೊಡನೆ ಮಾಡುವ ಕಾರ್ಯವು ರೋಮನರ ಬೂದಿಯ ಕಾರ್ಯದ ಜಾತಿಯದೇ ಆಗಿದೆ.

ಹಾಗಾದರೆ ಗೋಡೆ ಬಹುಕಾಲ ಬಾಳಿದರೆ ಸಾಕೆ? ಇರಾನಿನ ಕಾರೂನ್ ನದಿಗೆ ಗೋತ್ವಂದ್ ಎಂಬಲ್ಲಿ ಕಲ್ಲುಮಣ್ಣುಗಳ ದೊಡ್ಡ ಅಣೆಕಟ್ಟನ್ನು ಕಟ್ಟಿದರು. 2011ರಲ್ಲಿ ಜಲಾಶಯವು ತುಂಬತೊಡಗಿದಾಗ ನೀರು ಅಲ್ಲಿಯ ಉಪ್ಪಿನ ಪದರಗಳನ್ನು ಮುಟ್ಟಿ ಕರಗಿಸಿತು. ಉಪ್ಪನ್ನು ತಡೆಯಲು ಹಾಸಿದ್ದ ಜೇಡಿಮಣ್ಣಿನ ಹೊದಿಕೆಯು ನಿಲ್ಲಲಿಲ್ಲ. ಕಟ್ಟೆಯು ಭದ್ರವಾಗಿಯೇ ನಿಂತಿದೆ. ಕೆಟ್ಟುದು ಅದು ಹಿಡಿದಿಟ್ಟ ನೀರು. ದೇಶದ ವಾಯವ್ಯದಲ್ಲಿರುವ ಉರ್ಮಿಯಾ ಸರೋವರವು ಒಮ್ಮೆ ಸುಮಾರು 5000 ಚದರ ಕಿಲೋಮೀಟರು ಹರಡಿದ್ದಿತು. ಅದಕ್ಕೆ ಇಳಿಯುವ ನದಿಗಳಿಗೆ ಕಟ್ಟೆಗಳಾದುವು, ಬೇಸಾಯಕ್ಕೆಂದು ಕೊಳವೆಬಾವಿಗಳು ಹೆಚ್ಚಿದುವು, ಮಳೆಯೂ ಕಡಮೆಯಾಯಿತು. 2014ರ ಹೊತ್ತಿಗೆ ಸರೋವರವು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗಿತು. 2019ರ ಮಳೆಯಿಂದ ಸ್ವಲ್ಪ ಚೇತರಿಸಿಕೊಂಡು, 2023ರಲ್ಲಿ ಮತ್ತೆ ಬಹುಮಟ್ಟಿಗೆ ಬತ್ತಿತು. ಇಸ್ಫಹಾನ್ ನಗರದಲ್ಲಿ 1602ರಲ್ಲಿ ಪೂರ್ಣವಾದ ಮೂವತ್ತಮೂರು ಕಮಾನುಗಳ ಸೇತುವೆ ಇಂದಿಗೂ ಇದೆ. ಅದರ ಕೆಳಗೆ ಹರಿಯಬೇಕಾದ ಜಾಯಂದೆ ರೂದ್, ಎಂದರೆ ಜೀವವೀಯುವ ಹೊಳೆ, ವರ್ಷದ ಬಹುಭಾಗ ಒಣಗಿರುವುದು. ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದ ಆ ಸೀಮೆಯ ನೆಲವೇ ಕುಸಿಯುತ್ತಿದೆ.

ಇದೇ ದೇಶವು ಪೂರ್ವದಲ್ಲಿ ಕನಾತ್ ಎಂಬ ವಿದ್ಯೆಯನ್ನು ಲೋಕಕ್ಕೆ ಕೊಟ್ಟಿತು. ಬೆಟ್ಟದ ಬುಡದ ತಾಯಿಬಾವಿಯಿಂದ ಊರಿನವರೆಗೆ ನೆಲದೊಳಗೆ ಇಳಿಜಾರಾದ ಸುರಂಗವನ್ನು ತೋಡಿದರೆ ನೀರು ತಾನೇ ಹರಿದುಬರುವುದು. ಗೊನಾಬಾದಿನ ಕನಾತು ಸುಮಾರು 33 ಕಿಲೋಮೀಟರು ಉದ್ದವಾಗಿದೆ. 2016ರಲ್ಲಿ ಇಂತಹ 11 ಕನಾತುಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಗೆ ಸೇರಿಸಿತು. ಭೂಮಿಯು ಒಸರಿಸಿದಷ್ಟನ್ನೇ ಕನಾತು ತರುವುದು. ಹೆಚ್ಚನ್ನು ಕಸಿಯುವ ಶಕ್ತಿ ಅದಕ್ಕಿಲ್ಲ. ಪಂಪಿಗೆ ಆ ಮಿತಿಯಿಲ್ಲ.

ಈ ನೂರು ವರ್ಷಗಳಲ್ಲಿ ಪಾರಸಿ ಕವಿಗಳು ಏನು ಮಾಡಿದರೆಂಬುದೂ ತಿಳಿಯತಕ್ಕುದು. ಮಾಜಂದರಾನ್ ಪ್ರಾಂತದ ಯೂಷ್ ಎಂಬ ಹಳ್ಳಿಯಲ್ಲಿ 1897ರಲ್ಲಿ ಹುಟ್ಟಿದ ನೀಮಾ ಯೂಷಿಜ್ ಎಂಬಾತನು ಹೊಸ ಕವಿತೆಯ ಮೂಲಪುರುಷನು. ಪಾರಸಿಯ ಪ್ರಾಚೀನ ಛಂದಸ್ಸಿನಲ್ಲಿ ಪಾದಗಳೆಲ್ಲ ಸಮನಾದ ಅಳತೆಯಲ್ಲಿರಬೇಕು. ನೀಮಾ ಗಣವನ್ನು ಬಿಡದೆ, ಪಾದದ ಉದ್ದವನ್ನು ಭಾವಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದನು. ಪಂಡಿತರು ಹಾಸ್ಯಮಾಡಿದರು. ಛಂದಸ್ಸಿನ ಕಟ್ಟಿಗಿಂತ ನುಡಿಯ ಉಸಿರು ಹಿರಿದೆಂಬುದು ವಚನಗಳನ್ನು ಕೇಳಿ ಬೆಳೆದ ಭಕ್ತರಿಗೆ ಹೊಸ ಮಾತಲ್ಲ. ಆತನ ಒಂದು ಕವಿತೆಯಲ್ಲಿ ಬೆಳೆ ಒಣಗಿದ ಬೇಸಾಯಗಾರನು ಮಳೆಯ ಸುದ್ದಿಯನ್ನು ಮರಗಪ್ಪೆಯಲ್ಲಿ ವಿಚಾರಿಸುವನು. ಫೊರೂಘ್ ಫರ್ರೊಖ್‌ಜಾದ್ ಎಂಬ ಕವಯಿತ್ರಿಯು 1967ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡಳು. ಆಕೆಯ ಒಂದು ಕವಿತೆಯಲ್ಲಿ ಮನೆಯ ಹಿತ್ತಿಲ ತೋಟವು ಸಾಯುತ್ತಿರುವುದು, ಕೊಳವು ಬರಿದಾಗಿರುವುದು. ತಂದೆ, ತಾಯಿ, ಅಣ್ಣ, ತಂಗಿ ಯಾರಿಗೂ ಅದರ ಚಿಂತೆಯಿಲ್ಲ. ಚಿತ್ರಕಾರನೂ ಆಗಿದ್ದ ಸೊಹ್ರಾಬ್ ಸೆಪೆಹ್ರಿಯು (1928–1980) ಹೊಳೆಯ ನೀರನ್ನು ಕದಡದಿರುವುದನ್ನೇ ಒಂದು ಕವಿತೆಯ ವಸ್ತುವಾಗಿ ಮಾಡಿದನು. ಕೆಳಗಡೆ ಆ ನೀರನ್ನು ಕುಡಿಯುವ ಹಕ್ಕಿಯೂ ಬಡವನೂ ಆತನ ನೆನಪಿನಲ್ಲಿದ್ದರು.

ಕವಿತೆಯು ಸರೋವರವನ್ನು ತುಂಬಲಾರದು. ಆ ಕವಿತೆಗಳನ್ನು ಬಾಯಿಪಾಠವಾಗಿ ಬಲ್ಲ ಜನರ ನಡುವೆಯೇ ಉರ್ಮಿಯಾ ಬತ್ತಿತು ಎಂಬುದನ್ನು ಮರೆಮಾಡತಕ್ಕುದಲ್ಲ. ಕೇಳಿದ ನುಡಿ ನಡೆಯಾಗದಿದ್ದರೆ ಫಲವೇನು? ಆ ಪ್ರಶ್ನೆಯು ಪಾರಸಿಕರಿಗಷ್ಟೇ ಅಲ್ಲ, ನೀರಿನ ಪಾವಿತ್ರ್ಯವನ್ನು ಹೊಗಳುವ ಎಲ್ಲರಿಗೂ ಸಲ್ಲುವುದು.

ಆ ವಿದ್ಯೆ ಕನ್ನಡನಾಡಿಗೂ ಬಂದಿತ್ತು. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲದಲ್ಲಿ ಬೀದರಿನ ಜಂಬಿಟ್ಟಿಗೆಯ ನೆಲದೊಳಗೆ ತೋಡಿದ ಸುರಂಗಗಳನ್ನು ಕರೇಜ್ ಎನ್ನುವರು. ಅವು ಬಹುಕಾಲ ಹೂಳುತುಂಬಿ ಮರೆತುಹೋಗಿದ್ದುವು. ಈ ಶತಮಾನದಲ್ಲಿ ಅವುಗಳ ಶೋಧವೂ ಹೂಳೆತ್ತುವ ಕೆಲಸವೂ ನಡೆದುವು. ಸುರಂಗವು ಉಳಿದಿದ್ದರೂ, ಅದನ್ನು ವರ್ಷಕ್ಕೊಮ್ಮೆ ಶುಚಿಮಾಡುವ ಕೈಗಳು ನಿಂತುಹೋದಾಗ ನೀರೂ ನಿಂತಿತು. ಸ್ಥಾವರವನ್ನು ಉಳಿಸುವುದು ಜಂಗಮದ ನಡೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆದುದರಿಂದ ಭಕ್ತರಲ್ಲಿ ಬಿನ್ನಹವಿಷ್ಟು. ಕಾಂಕ್ರೀಟು ವರ್ಜ್ಯವಾದುದೇನೂ ಅಲ್ಲ. ಆಸ್ಪತ್ರೆಗೂ ಶಾಲೆಗೂ ಸೇತುವೆಗೂ ಅದು ಬೇಕೇ ಬೇಕು. ಆದರೆ ಮನುಷ್ಯರು ಗಾಳಿಗೆ ಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುವುದನ್ನು ನೆನೆದು, ಬೇಕಾದಲ್ಲಿ ಬೇಕಾದಷ್ಟನ್ನೇ ಬಳಸುವುದು ಯುಕ್ತ. ಅಂಗಳಕ್ಕೆಲ್ಲ ಕಾಂಕ್ರೀಟು ಹಾಸುವ ಮೊದಲು ಮಳೆಯ ನೀರು ಎಲ್ಲಿ ಇಂಗುವುದೆಂದು ಕೇಳಿಕೊಳ್ಳತಕ್ಕುದು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವವು ಹೊರಬರಲಾರದೆ ಗೋಡೆಯೇ ಸವೆಯುವುದು. ಸುಣ್ಣಕ್ಕೆ ಸುಣ್ಣವನ್ನೇ ಬಳಿಯತಕ್ಕುದು. ಹಾಳುಬಾವಿಯನ್ನು ಮುಚ್ಚುವ ಖರ್ಚಿನಲ್ಲಿ ಅದರ ಹೂಳನ್ನು ತೆಗೆಸಬಹುದೇ ಎಂದು ಮೊದಲು ನೋಡತಕ್ಕುದು. ಹೊಸ ಮಂಟಪಕ್ಕೆ ಕಾಣಿಕೆ ಕೊಡುವವರು ಹಳೆಯ ಕಲ್ಯಾಣಿಯ ಹೂಳಿಗೂ ಒಂದು ಪಾಲನ್ನು ತೆಗೆದಿರಿಸಿದರೆ ಅದು ಕಡಮೆಯ ದಾಸೋಹವಾಗದು. ಮುಂದಿನ ಮಹೋತ್ಸವಕ್ಕೆ ಬರುವ ಮಕ್ಕಳು ಗೋಡೆಯ ಮೇಲಿನ ದಾನಿಗಳ ಹೆಸರುಗಳನ್ನು ಓದುವರೋ ಇಲ್ಲವೋ, ಬಾಯಾರಿದಾಗ ನೀರನ್ನಂತೂ ಕೇಳಿಯೇ ಕೇಳುವರು.