ಮಣಿಪಾಲದ ಹಳೆಯ ಮನೆಗಳಲ್ಲಿ ನಾವು ಕಂಡದ್ದು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಸುಸಂದರ್ಭದಲ್ಲಿ, ನಮ್ಮ ಹಿರಿಯರು ಹೇಗೆ ಬಾಳಿದರೆಂಬ ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ. ಇದಕ್ಕೆ ಉತ್ತರವನ್ನು ಅರಸುತ್ತ ನಾವು ಕೆಲವರು ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆ ಘಟ್ಟವನ್ನಿಳಿದು, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಸಂದರ್ಶಿಸಿ ಬಂದೆವು. ಅಲ್ಲಿ ಕಂಡದ್ದನ್ನೂ ಅದರಿಂದ ನಮಗೆ ಹೊಳೆದುದನ್ನೂ ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಹಳೆಯ ಬದುಕನ್ನು ಬಯಲಿನಲ್ಲಿಯೇ ನಿಲ್ಲಿಸಿ ತೋರಿಸುವ ಕಲ್ಪನೆ ಹೊಸದಲ್ಲ. 1891ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ತರ್ ಹಜೇಲಿಯಸ್ ಎಂಬುವರು ಹಳ್ಳಿಯ ಮನೆಗಳನ್ನು ತಂದು ನಿಲ್ಲಿಸಿ ಸ್ಕಾನ್ಸೆನ್ ಎಂಬ ಸಂಗ್ರಹಾಲಯವನ್ನು ತೆರೆದರು. ಅಮೆರಿಕದ ಪ್ಲಿಮತ್ ಊರಿನಲ್ಲಿ 1947ರಲ್ಲಿ ಸ್ಥಾಪನೆಯಾದ ಮತ್ತೊಂದು ಸಂಗ್ರಹಾಲಯವು, 1620ರಲ್ಲಿ ಹಡಗಿನಿಂದಿಳಿದು ನೆಲೆಸಿದ ಇಂಗ್ಲಿಷರ ಹಳ್ಳಿಯನ್ನು ಪುನಃ ಕಟ್ಟಿ ತೋರಿಸುತ್ತದೆ. ಅಲ್ಲಿ ಅಂದಿನ ಉಡುಪು ಧರಿಸಿದವರು ಅಂದಿನ ಕೆಲಸಗಳನ್ನು ಮಾಡುತ್ತ ಅಂದಿನವರಂತೆಯೇ ಮಾತನಾಡುತ್ತಾರೆ. ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರ ಬಾಳಿಗೂ ಅಲ್ಲಿ ಸ್ಥಳವುಂಟು. ಹೊಸದಾಗಿ ಬಂದವರ ಕಥೆಯನ್ನು ಮೊದಲೇ ಇದ್ದವರ ಕಥೆಯಿಲ್ಲದೆ ಹೇಳಲಾಗದು ಎಂಬುದು ಇದರ ತಾತ್ಪರ್ಯ.

ಮಣಿಪಾಲದಲ್ಲಿ ಇಂತಹ ವೇಷಧಾರಿಗಳಿಲ್ಲ. ಅಲ್ಲಿ ಇರುವುದು ಮನೆಗಳೇ. ಬ್ಯಾಂಕಿನ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈ ಎಂಬ ಮಹನೀಯರು, ಹಳೆಯ ಮನೆಗಳನ್ನು ಕೆಡವಿ ಕಂಬ ಬಾಗಿಲುಗಳನ್ನು ಮಾರುತ್ತಿದ್ದುದನ್ನು ಕಂಡು ನೊಂದರು. ಅಳಿಯಲಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು, ಮೊದಲಿನಂತೆಯೇ ಜೋಡಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರು ಸಭಾಂಗಣ, ಕುಂಜೂರಿನ ಚೌಕಿ ಮನೆ, ಭಟ್ಕಳದ ನವಾಯತ ಮುಸಲ್ಮಾನರ ಮನೆ, ವೀರಶೈವರ ಜಂಗಮ ಮಠ, ಮಂಗಳೂರಿನ ಕ್ರೈಸ್ತರ ಮನೆ—ಇವೆಲ್ಲ ಒಂದೇ ಆವರಣದಲ್ಲಿ ನೆರೆಹೊರೆಯವರಂತೆ ನಿಂತಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು; ಅವರು ಉಳಿಸಿದ ಮನೆಗಳು ಉಳಿದಿವೆ.

ಮಂಗಳೂರಿನ ಕ್ರೈಸ್ತರ ಮನೆಯ ಮುಂದೆ ನಾವು ಸಹಜವಾಗಿಯೇ ಹೆಚ್ಚು ಹೊತ್ತು ನಿಂತೆವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟ ಕೆನರಾ ಕಥೋಲಿಕರಲ್ಲಿ ಅಳಿದುಳಿದವರು 1799ರ ತರುವಾಯ ಕರಾವಳಿಗೆ ಮರಳಿ, ಕಂಪನಿ ಸರ್ಕಾರದ ಆರಂಭದ ವರ್ಷಗಳಲ್ಲಿ ಹೊಲಮನೆಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಕರಾವಳಿಯ ಹಳೆಯ ಕ್ರೈಸ್ತ ಮನೆಗಳಲ್ಲಿ ಜಗಲಿ, ಮರದ ಕಂಬ, ಇಳಿಜಾರು ಮಾಡು ಎಲ್ಲವೂ ಆ ನೆಲದವೇ. ಒಳಗಿನ ಪ್ರಾರ್ಥನಾ ಪೀಠ ಮಾತ್ರ ಅವರದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮುಳಿಹುಲ್ಲಿನ ಮಾಡುಗಳು ಕೆಂಪು ಹಂಚಿಗೆ ತಿರುಗಿದವು. ಆ ‘ಮಂಗಳೂರು ಹಂಚು’ ಘಟ್ಟವೇರಿ ನಮ್ಮ ಊರುಗಳ ಮನೆಗಳ ಮೇಲೂ ಕುಳಿತದ್ದನ್ನು ತಾವು ಬಲ್ಲಿರಿ.

ಆದರೆ ಬಂಧುಗಳೇ, ಅಲ್ಲಿ ಒಂದು ವಿಚಾರ ನಮ್ಮನ್ನು ಕಾಡಿತು. ಹಲಸಿನ ಕಂಬ, ಕೆತ್ತನೆಯ ಬಾಗಿಲು ಇದ್ದ ಮನೆಯನ್ನು ಬಿಚ್ಚಿ ತರಬಹುದು. ಮಣ್ಣಿನ ಗೋಡೆಯ ಗುಡಿಸಲನ್ನು ಬಿಚ್ಚಿ ತರಲು ಬರುತ್ತದೆಯೇ? ಅದು ಬಿದ್ದರೆ ಮಣ್ಣಿಗೆ ಮಣ್ಣು. ಹೀಗಾಗಿ ಉಳ್ಳವರ ಬದುಕು ಮರದಲ್ಲಿ ಉಳಿಯಿತು, ದುಡಿದವರ ಬದುಕು ಬಾಯಿಮಾತಿನಲ್ಲಿ ಮಾತ್ರ ಉಳಿಯಿತು. ಈ ಕೊರತೆಯನ್ನು ತುಂಬುವ ಯತ್ನಗಳೂ ನಡೆದಿವೆ. ಮಂಗಳೂರಿನ ಬಳಿಯ ಪಿಲಿಕುಳದಲ್ಲಿ ಕುಂಬಾರ, ಕಮ್ಮಾರ, ನೇಕಾರರ ಕಸುಬುಗಳಿಗೆಂದೇ ಕುಶಲಕರ್ಮಿಗಳ ಗ್ರಾಮವಿದೆ. ನಮ್ಮ ಹರಿಹರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಬದಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ರೈತಾಪಿ ಜನರ ಆಳೆತ್ತರದ ಶಿಲ್ಪಗಳಿವೆ.

ಇನ್ನು ನಮ್ಮ ನೆಲದ ಕಡೆಗೆ ಬರೋಣ. ದಾವಣಗೆರೆಯು ಒಂದು ಸಾಮಾನ್ಯ ಹಳ್ಳಿಯಾಗಿತ್ತು. ಹೈದರ್ ಅಲಿಯಿಂದ ಅದನ್ನು ಜಹಗೀರಾಗಿ ಪಡೆದ ಅಪೋಜಿರಾಮನೆಂಬ ಮರಾಠಾ ಸರದಾರ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನು. ಹರಿಹರದ ಬಳಿ 1865ರವರೆಗೂ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ಸೇತುವೆ ಪೂರ್ಣಗೊಂಡಿತು. ಅಲ್ಲಿಯವರೆಗೆ ಹೊಳೆ ತುಂಬಿದಾಗ ದಾಟಲು ಹರಿಗೋಲೇ ಗತಿ. ಇವು ಗ್ರಂಥಗಳಲ್ಲಿ ದಾಖಲಾದ ಸಂಗತಿಗಳು. ಹರಿಗೋಲು ಹಾಕಿದವನ ಹೆಸರು ಮಾತ್ರ ಯಾವ ಗ್ರಂಥದಲ್ಲಿಯೂ ಇಲ್ಲ.

ನಮ್ಮ ಮಾಳಿಗೆ ಮನೆಗಳನ್ನು ನೆನೆಯಿರಿ. ಮಳೆಗಾಲಕ್ಕೆ ಮುನ್ನ ಕರಲು ಮಣ್ಣನ್ನು ತಂದು ಮಾಳಿಗೆಗೆ ಹಾಕುತ್ತಿದ್ದರು, ಸೋರದಿರಲೆಂದು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮೊದಲು ಉರಿಯುವ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯಬೇಕು. ಒಳಗಿನ ಕೆಟ್ಟ ಗಾಳಿ ಪ್ರಾಣಾಪಾಯ ತರುತ್ತಿತ್ತು. ಸಂಗ್ರಹಾಲಯವೊಂದು ಹಗೇವನ್ನು ಅಗೆದು ತೋರಿಸಬಹುದು. ಆ ದೀಪದ ಮಾತನ್ನು ಹೇಳಬಲ್ಲವರು ಹಿರಿಯರು ಮಾತ್ರ. ಭದ್ರಾ ನಾಲೆಯ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹಗೇವುಗಳು ಮುಚ್ಚಿಹೋದವು, ಕೂರಿಗೆ ಕುಂಟೆಗಳು ಅಟ್ಟ ಸೇರಿದವು. ಅವನ್ನು ಬಳಸಿ ಬಲ್ಲವರು ನಮ್ಮ ನಡುವೆ ಇನ್ನೆಷ್ಟು ದಿನ ಇರುವರು?

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮದು ಮೂರು ವಿನಂತಿಗಳು. ಮೊದಲನೆಯದಾಗಿ, ದೇವಾಲಯದ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳನ್ನು ಗೆದ್ದಲು ತಾಗದಂತೆ ಕಾಪಾಡಿ ನಕಲು ಮಾಡಿಸಬೇಕು. ಗುಡಿಸಲಿನಲ್ಲಿ ಹುಟ್ಟಿ ಗುಡಿಸಲಿನಲ್ಲಿಯೇ ತೀರಿಕೊಂಡ ಅದೆಷ್ಟೋ ಜನರ ಹೆಸರು ಉಳಿದಿರುವ ಪುಸ್ತಕ ಅದೊಂದೇ ಆಗಿರಬಹುದು. ಎರಡನೆಯದಾಗಿ, ಒಳಕಲ್ಲು, ಬೀಸುವ ಕಲ್ಲು, ಕೂರಿಗೆಗಳನ್ನು ಗುಜರಿಗೆ ಕೊಡುವ ಮುನ್ನ ಧರ್ಮಕೇಂದ್ರದ ಒಂದು ಕೋಣೆಗೆ ಕೊಡಬೇಕು. ಜಾತಿಮತಗಳ ಎಣಿಕೆಯಿಲ್ಲದೆ ನೆರೆಯವರಿಂದಲೂ ಸ್ವೀಕರಿಸಬೇಕು, ಏಕೆಂದರೆ ಹೊಲದಲ್ಲಿ ನಮ್ಮ ಹಿರಿಯರು ಜೊತೆಗೂಡಿಯೇ ದುಡಿದವರು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಯುವಕ ಯುವತಿಯರು ವಾರಕ್ಕೊಂದು ಸಂಜೆ ಹಿರಿಯರ ಬಳಿ ಕುಳಿತು ಅವರ ಮಾತನ್ನು ಬರೆದುಕೊಳ್ಳಬೇಕು, ಧ್ವನಿಯನ್ನು ಮುದ್ರಿಸಿಕೊಳ್ಳಬೇಕು.

ಮಣಿಪಾಲದ ಮನೆಗಳನ್ನು ಉಳಿಸಲು ಒಬ್ಬರು ತಮ್ಮ ಆಯುಷ್ಯವನ್ನೇ ಸವೆಸಿದರು. ನಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಮನೆಯ ಅಜ್ಜಿ ಹೇಳುವುದನ್ನು ಕಿವಿಗೊಟ್ಟು ಕೇಳುವ ತಾಳ್ಮೆಯೊಂದಿದ್ದರೆ ಸಾಕು.